ಕಾಗದನಗರದ ಅತ್ತಿಮರ ನೋಡಲು ಹೋದದ್ದು

ಶಿವಮೊಗ್ಗದಲ್ಲಿ ಭದ್ರಾವತಿಯ ಬಸ್ಸು ಹತ್ತಿದಾಗ ಬೆಳಗಿನ ಹೊತ್ತೇ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಸರ್ಕಾರಿ ಬಸ್ಸು, ಹೆಂಗಸರಿಗೆ ದುಡ್ಡಿಲ್ಲ. ಶೂನ್ಯ ಎಂದು ಅಚ್ಚಾದ ಟಿಕೆಟ್ಟು ಕೊಟ್ಟ ಕಂಡಕ್ಟರ್ ನನ್ನ ಕಂಕುಳಲ್ಲಿದ್ದ ಚಿತ್ರಗಳ ಸುರುಳಿ ನೋಡಿ, "ಏನಮ್ಮಾ, ಮತ್ತೆ ಎಲೆಕ್ಷನ್ ಬಂತಾ?" ಎಂದ. ಹಕ್ಕಿಗಳ ಚಿತ್ರ, ಮಕ್ಕಳ ಪಾಠಕ್ಕೆ ಎಂದೆ. "ಹಕ್ಕಿ ತೋರ್ಸೋಕೆ ಭದ್ರಾವತಿಗೆ ಹೋಗ್ಬೇಕಾ? ನಮ್ಮನೆ ಟೆರೇಸಿಗೆ ಬನ್ನಿ, ಬರೀ ಪಾರಿವಾಳ" ಎಂದು ನಕ್ಕ. ನಗುವ ಮನಸ್ಸು ನನಗಿರಲಿಲ್ಲ.

ಹಿಂದಿನ ದಿನ ನಾಗವೇಣಿ ಟೀಚರ್ ಫೋನ್ ಮಾಡಿದ್ದರು. ಅವರು ಕಾಗದನಗರದ ಪುಟ್ಟ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರು. ನಾನು ಶಾಲೆಯಿಂದ ಶಾಲೆಗೆ ಅಲೆದು, ಮಕ್ಕಳನ್ನು ಮರದಡಿ ಕೂರಿಸಿ, ಹುಳುಹುಪ್ಪಟೆ ತೋರಿಸುವವಳು. ಅದಕ್ಕೇ ಮಕ್ಕಳು ನನಗೆ ಇಟ್ಟ ಹೆಸರು ಮರದ ಮಿಸ್. "ನಮ್ಮ ಅತ್ತಿಮರ ಯಾಕೋ ಸಪ್ಪಗಿದೆ ಮಿಸ್. ಕಾಯಿ ಬಿಟ್ಟೇ ಇಲ್ಲ. ಒಂದ್ಸಲ ಬಂದು ನೋಡಿ" ಎಂದಿದ್ದರು. ಎರಡು ವರ್ಷದಿಂದ ನಾನು ಅತ್ತ ಹೋಗಿರಲಿಲ್ಲ. ನನಗೆ ಸಾವಿರ ಮರ ಗೊತ್ತಿರಬಹುದು, ಆದರೆ ಪಾಠವೆಂದರೆ ಆ ಅತ್ತಿಯ ಕೆಳಗೇ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಎಂದು ಜನ ಹಳಿಯುತ್ತಾರಲ್ಲ, ಆ ಹುಳವೇ ಒಳಗಿನ ಹೂಗಳಿಗೆ ಪರಾಗ ಮುಟ್ಟಿಸಿ ಮರದ ಸಂಸಾರ ನಡೆಸುವುದೆಂದು ತೋರಿಸಿದಾಗ ಮಕ್ಕಳ ಕಣ್ಣು ಅಷ್ಟಗಲ ಆಗುತ್ತಿತ್ತು.

ಮಾಚೇನಹಳ್ಳಿ ಬಂದಾಗ ಲಾರಿಗಳ ಧೂಳಿಗೆ ಕಿಟಕಿ ಮುಚ್ಚಿದೆ. ಬಸ್ಸಿನೊಳಗೆ ಬೆಂದು, ಭದ್ರಾವತಿಯಲ್ಲಿಳಿದು ಎರಡು ಇಡ್ಲಿ ತಿಂದೆ. ಚಟ್ನಿ ಹುಳಿ ಬಂದಿತ್ತು. ಅಲ್ಲಿಂದ ಕಾಗದನಗರಕ್ಕೆ ಆಟೋ.

ಕಾಗದದ ಕಾರ್ಖಾನೆ ನಿಂತು ವರ್ಷಗಳೇ ಆಗಿವೆ. ಕ್ವಾರ್ಟರ್ಸಿನ ಸಾಲುಸಾಲು ಮನೆಗಳಿಗೆ ಬೀಗ, ಕೆಲವಕ್ಕೆ ಬಾಗಿಲೇ ಇಲ್ಲ. ಅಡುಗೆಮನೆಯ ಕಿಟಕಿಯಿಂದ ಹೊರಕ್ಕೆ ಲಂಟಾನದ ಪೊದೆ ಚಾಚಿತ್ತು. ನನ್ನಂಥವಳಿಗೆ ಹಸಿರು ಕಂಡರೆ ಖುಷಿಯಾಗಬೇಕು. ಆಗಲಿಲ್ಲ. ಜನ ಬಿಟ್ಟುಹೋದ ಮನೆಯ ಹಸಿರು ನೋಡಿದರೆ ಎದೆ ಭಾರವಾಗುತ್ತದೆ.

ಇನ್ನೂ ಜನವಿದ್ದ ಓಣಿಯ ತುದಿಯಲ್ಲಿ ಅತ್ತಿಮರವಿತ್ತು. ಮೊದಲು ಕಣ್ಣಿಗೆ ಬಿದ್ದದ್ದು ಮರವಲ್ಲ, ಕಟ್ಟೆ. ಎದೆಮಟ್ಟದ ಕಲ್ಲಿನ ಗೋಡೆ, ಒಳಗೆ ಮಣ್ಣು ತುಂಬಿ ಮೇಲೆ ಕಪ್ಪು ಗ್ರಾನೈಟ್ ಹಾಸಿದ್ದರು. ಕಾಂಡದ ಸುತ್ತ ಒಂದು ಬೆರಳು ತೂರುವಷ್ಟೂ ಸಂದಿಲ್ಲದಂತೆ ಸಿಮೆಂಟು ಮೆತ್ತಿತ್ತು. ತಲೆಯೆತ್ತಿದೆ. ತುದಿಯ ಕೊಂಬೆಗಳು ಬೋಳಾಗಿದ್ದವು. ಉಗುರಿನಿಂದ ತೊಗಟೆ ಕೆರೆದೆ. ಹಸಿರಿನ ಬದಲು ಕಂದು ಪುಡಿ ಉದುರಿತು. ಅಲ್ಲೇ ಕಾದು ನಿಂತಿದ್ದ ನಾಗವೇಣಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾರು ಕಟ್ಟಿಸಿದ್ದು ಇದನ್ನ?"

ಅವರು ಕಟ್ಟೆಗೆ ಕೂರಿಸಿದ್ದ ಒಂದು ಕಲ್ಲು ತೋರಿಸಿದರು. ಇಂಥವರ ಸ್ಮರಣಾರ್ಥ ಸೇವೆ ಎಂದು ಹೆಸರು ಕೆತ್ತಿತ್ತು. ಆ ಹೆಸರಿನವರ ಹೆಂಡತಿ ಎದುರುಮನೆಯಲ್ಲೇ ಇದ್ದರು; ಓಣಿಗೆಲ್ಲ ದೊಡ್ಡಮ್ಮ. ಹಣೆಯ ತುಂಬ ವಿಭೂತಿ, ಮಾತು ಗಟ್ಟಿ. ನನ್ನನ್ನು ಕಂಡವರೇ, "ಮರದ ಮಿಸ್ಸಾ? ಬನ್ನಿ ಬನ್ನಿ. ನೋಡಿದ್ರಾ ನಮ್ಮನೆಯವರ ಕಟ್ಟೇನ?" ಎಂದು ಮಂಡಕ್ಕಿ, ಟೀ ತಂದಿಟ್ಟರು.

ಅವರ ಯಜಮಾನರು ಕಾರ್ಖಾನೆಯ ಮರದ ಯಾರ್ಡಿನಲ್ಲಿ ಕೆಲಸಕ್ಕಿದ್ದವರು. ಲಾರಿಯಲ್ಲಿ ಬಂದ ನೀಲಗಿರಿ, ಅಕೇಶಿಯಾ ದಿಮ್ಮಿಗಳನ್ನು ಯಂತ್ರಕ್ಕೆ ಕಳಿಸುವುದೇ ಅವರ ಜೀವಮಾನದ ದುಡಿಮೆ. "ಕೊನೆಕೊನೆಗೆ ಅವರಿಗೆ ಒಂದೇ ಕೊರಗು ಕಣ್ರೀ. ಮರ ತಿಂದೇ ಬದುಕಿದ್ವಿ, ಒಂದಾದ್ರೂ ಮರ ಉಳ್ಸಿ ಹೋಗ್ಬೇಕು ಅನ್ನೋರು. ಈ ಮರಕ್ಕೊಂದು ಕಟ್ಟೆ ಕಟ್ಸು, ಆಮೇಲೆ ಯಾರೂ ಕೊಡಲಿ ಹಾಕಲ್ಲ ಅಂದ್ರು. ಅವರು ಹೋದ ವರ್ಷದೊಳಗೆ ಕಟ್ಟಿಸ್ಬಿಟ್ಟೆ."

ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಸುಮ್ಮನೆ ಟೀ ಕುಡಿದು ಎದ್ದುಬಿಡೋಣ ಎನ್ನಿಸಿದ್ದು ಸುಳ್ಳಲ್ಲ. ಆದರೆ ಹೇಳದಿದ್ದರೆ ಮರ ಹೋಗುತ್ತಿತ್ತು. ಬೇರಿಗೂ ಗಾಳಿ ಬೇಕು, ಕಲ್ಲಿನ ಮೇಲೆ ಬಿದ್ದ ಮಳೆ ಚರಂಡಿ ಸೇರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ, ಕಟ್ಟೆಯಿಂದಲೇ ಮರ ಒಣಗುತ್ತಿದೆ ಎಂದು ಮಕ್ಕಳಿಗೆ ಹೇಳುವಷ್ಟೇ ಸರಳವಾಗಿ ಹೇಳಿದೆ. ದೊಡ್ಡಮ್ಮ ಎದುರಿನ ಕಟ್ಟೆಯ ಕಡೆ ತಿರುಗಿದರು.

"ಹಂಗಾದ್ರೆ ಅವರ ಕೈಯಲ್ಲಿ ಇನ್ನೊಂದು ಮರ ಸತ್ತ ಹಾಗಾಯ್ತಲ್ಲ ಮಿಸ್ಸು?"

ನಾಗವೇಣಿಯ ಕಣ್ಣು ತುಂಬಿತ್ತು.

"ಕಟ್ಟೆ ಒಡೆದ್ರೆ ಬದುಕ್ಕೊಳ್ಳತ್ತಾ?" ಎಂದು ದೊಡ್ಡಮ್ಮನೇ ಕೇಳಿದರು.

ಹೂಂ ಎನ್ನಬಹುದಿತ್ತು. "ಗೊತ್ತಿಲ್ಲ ದೊಡ್ಡಮ್ಮ. ತಡ ಆಗಿರಬಹುದು" ಎಂದೆ.

"ಒಡೆಸ್ತೀನಿ."

"ಓಣಿಯವರು ಏನಂತಾರೋ, ಜನ ದೀಪ ಹಚ್ಚೋ ಜಾಗ" ಎಂದು ನಾಗವೇಣಿ ತಡೆದರು.

"ಕಟ್ಸಿದವಳು ನಾನು ಮಾರಾಯ್ತಿ. ಅನ್ನೋದಿದ್ರೆ ನಂಗೆ ಅನ್ಲಿ" ಎಂದು ದೊಡ್ಡಮ್ಮ ಚಪ್ಪಲಿ ಮೆಟ್ಟಿದರು.

ಕಟ್ಟೆ ಕಟ್ಟಿದ ಮೇಸ್ತ್ರಿ ಪೆರುಮಾಳ್ ಪಕ್ಕದ ಓಣಿಯಲ್ಲೇ ಇದ್ದ. ಹಾರೆ ಹಿಡಿದು ಬಂದವನು ಕಟ್ಟೆಯ ಮುಂದೆ ನಿಂತುಬಿಟ್ಟ. "ಅಮ್ಮಾ, ನಾನೇ ಹಾಕಿದ್ದು, ನಾನೇ ಒಡೀಬೇಕಾ? ಅಯ್ಯನ ಹೆಸರಿದೆಯಲ್ಲಮ್ಮಾ."

"ಮೊದ್ಲು ಅದನ್ನೇ ಎಬ್ಬಿಸಪ್ಪ. ಒಡೀದೆ ಎಬ್ಬಿಸು" ಎಂದರು ದೊಡ್ಡಮ್ಮ.

ಹೆಸರಿನ ಕಲ್ಲು ಇಡಿಯಾಗಿ ಬಂತು. ಉಳಿದವು ಒಡೆದವು. ಸದ್ದಿಗೆ ನಾಲ್ಕು ಜನ ಸೇರಿ, ದೇವರ ಕಟ್ಟೆ ಎಂದು ಗೊಣಗಿ, ದೊಡ್ಡಮ್ಮನ ಮುಖ ನೋಡಿ ಸುಮ್ಮನಾದರು. ಕಲ್ಲಿನಡಿಯ ಮಣ್ಣು ಹಿಟ್ಟಿನಂತಿತ್ತು. ದೊಡ್ಡಮ್ಮ ಅದನ್ನು ಹಿಡಿಯಲ್ಲಿ ತೆಗೆದುಕೊಂಡರು. ಬೆರಳ ಸಂದಿಯಿಂದ ಸೋರಿಹೋಯಿತು. ಸಂಜೆಯ ತನಕ ಪೆರುಮಾಳ್ ಮಣ್ಣು ಎತ್ತಿಹಾಕಿದ. ಬುಡದ ಬೇರು ಕಂಡಾಗ ಅಲ್ಲೂ ಕೆರೆದು ನೋಡಿದೆ. ಒಂದು ಕಡೆ ಚೂರು ಹಸಿಯಿತ್ತು, ಮೂರು ಕಡೆ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ನಾನು ತಂದಿದ್ದ ಚಿತ್ರಗಳ ಸುರುಳಿ ಆ ದಿನ ಬಿಚ್ಚಲೇ ಇಲ್ಲ.

ಕೊನೆಯ ಬಸ್ಸಿಗೆ ಮುಂಚೆ ಹೊರಡಬೇಕಿತ್ತು. ಆಟೋ ತನಕ ದೊಡ್ಡಮ್ಮ ಬಂದರು. ಹೆಸರಿನ ಕಲ್ಲನ್ನು ಆಗಲೇ ಮನೆಯೊಳಗೆ, ಅಕ್ಷರ ಗೋಡೆಯ ಕಡೆಗಿರುವಂತೆ ಒರಗಿಸಿಟ್ಟಿದ್ದರು.

"ಮಿಸ್ಸು, ಮರ ಉಳೀಲಿ, ಹೋಗ್ಲಿ, ಮಕ್ಕಳ ಪಾಠ ಇಲ್ಲೇ ಮಾಡಿ" ಎಂದರು. "ಏನು ತಪ್ಪಾಯ್ತು ಅಂತ ಬಿಡಿಸಿ ಹೇಳಿ. ಪ್ರೀತಿಯಿಂದ್ಲೇ ಆಗಿದ್ದು ಅಂತಾನೂ ಹೇಳಿ. ಅವರ ಹೆಸರು ಮಾತ್ರ ಹೇಳ್ಬೇಡಿ."

ಆಯಿತು ಎಂದೆ. ಆಟೋ ತಿರುವಿನಲ್ಲಿ ಹೊರಳಿದಾಗ ಹಿಂದೆ ನೋಡಿದೆ. ಅವರು ಮರದ ಕಡೆ ಹೋಗದೆ ಸೀದಾ ಮನೆಯೊಳಗೆ ಹೋದರು. ಇಲ್ಲೂ ನಾನು ಆ ಹೆಸರು ಬರೆದಿಲ್ಲ.