ಸಿಸ್ಟರ್ ತಂದ ದೊಡ್ಡ ರೀಲು

ಮದುವೆಯಾದ ಹೊಸದರಲ್ಲಿ ಗಂಡ ನನಗೆ ಫ್ಲೈ ಫಿಶಿಂಗ್ ಕಲಿಸಿದರು. ಬೈಕಂಪಾಡಿಯ ವರ್ಕ್‌ಶಾಪೊಂದರಲ್ಲಿ ಕೆಲಸ ಮಾಡುವ ಅವರು ತಾವು ವೀಡಿಯೊ ನೋಡಿ ಕಲಿತದ್ದನ್ನೇ, ಬಿಕರ್ನಕಟ್ಟೆಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ನನ್ನ ಹಿಂದೆ ನಿಂತು, ಕೈ ಹಿಡಿದು ಹೇಳಿಕೊಟ್ಟಿದ್ದರು. ಗಾಳಕ್ಕೆ ಎರೆಹುಳ ಇಲ್ಲ. ಕೋಳಿಯ ಗರಿ, ನೂಲು ಸುತ್ತಿ ಮಾಡಿದ ಸುಳ್ಳು ಹುಳ. ಅದನ್ನು ದಾರದ ಭಾರದಿಂದಲೇ ದೂರಕ್ಕೆ ಬೀಸಬೇಕು. ನಾನು ಅರ್ಚಕರ ಮನೆಯ ಮಗಳು, ಶಾಲೆಯಲ್ಲಿ ಟೀಚರ್. ಹಿಡಿದ ಮೀನನ್ನು ನೀರಿಗೇ ಬಿಡುತ್ತೇವೆ ಎಂದು ಎಷ್ಟು ಹೇಳಿದರೂ ಅಮ್ಮ ಸುಮಾರು ದಿನ ಮುಖ ಊದಿಸಿಕೊಂಡಿದ್ದಳು. ನನಗೇನೂ ಅನ್ನಿಸಲಿಲ್ಲ. ಭಾನುವಾರ ಬೆಳಿಗ್ಗೆ ಕೂಳೂರಿನ ಆಚೆ, ಹೊಳೆ ಕಡಲಿಗೆ ಹತ್ತಿರವಾಗುವಲ್ಲಿ ನಾವಿಬ್ಬರೇ ನಿಲ್ಲುತ್ತಿದ್ದೆವು. ವಾರದಲ್ಲಿ ಅಷ್ಟು ಹೊತ್ತು ಅವರು ಪೂರಾ ನನ್ನವರು.

ಆಗ ಪಕ್ಕದ ಮನೆಗೆ ಸಿಸ್ಟರ್ ಬಂದರು. ಕುವೈತಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದ ಕೊಂಕಣಿ ಹೆಂಗಸು. ನನಗಿಂತ ಸ್ವಲ್ಪ ದೊಡ್ಡವರು, ಒಂಟಿ. ನಮ್ಮ ಕಾರಿನ ಮೇಲೆ ಕಟ್ಟಿದ್ದ ಗಾಳದ ರಾಡ್‌ಗಳನ್ನು ನೋಡಿದವರೇ ಒಳಗೆ ಹೋಗಿ ತಮ್ಮ ರೀಲನ್ನು ತಂದರು. ಲಾರ್ಜ್ ಆರ್ಬರ್. ಅಂದರೆ ನಡುವಿನ, ದಾರ ಸುತ್ತುವ ದಿಂಡು ದಪ್ಪ ಇರುವಂಥದ್ದು. ನಮ್ಮ ರೀಲುಗಳದ್ದು ಸಣ್ಣ ದಿಂಡು.

"ಒಂದು ಸುತ್ತಿಗೆ ಎಷ್ಟು ದಾರ ಬರ್ತದೆ ನೋಡು ಮಾರಾಯ್ತಿ," ಎಂದು ಗಂಡ ಅದನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. ಅಂಗಳದಲ್ಲಿ ನಿಂತು ಅವರಿಬ್ಬರೂ ಬ್ರೇಕು, ಬೇರಿಂಗು ಎಂದು ಮಾತಾಡುತ್ತಲೇ ಇದ್ದರು. ಒಳಗೆ ನಾನು ಹೊಯ್ದ ನೀರುದೋಸೆ ತಣ್ಣಗಾಯಿತು.

ಮುಂದಿನ ಭಾನುವಾರದಿಂದ ಕಾರಿನಲ್ಲಿ ಮೂವರು.

ನನ್ನ ರೀಲು ಉಪ್ಪು ನೀರಿಗೆ ಹಾಳಾಗಿತ್ತು. ಹೊಸತು ತರಿಸಬೇಕೆಂದು ಗಂಡ ಫೋನಿನಲ್ಲಿ ಎರಡು ಬಗೆಯನ್ನೂ ತೋರಿಸಿದರು. "ನಿನಗೂ ದೊಡ್ಡದೇ ಆಗಬಹುದು. ದಾರ ಸ್ಪ್ರಿಂಗಿನ ಹಾಗೆ ಸುರುಳಿ ಆಗುವುದಿಲ್ಲ. ಮೀನು ನಮ್ಮ ಕಡೆಗೇ ಓಡಿ ಬಂದರೆ ಬೇಗ ಸುತ್ತಲಿಕ್ಕೂ ಆಗ್ತದೆ. ಸಿಸ್ಟರ್ ಕೂಡ ಅದನ್ನೇ ಹೇಳಿದ್ರು."

ಆ ಕೊನೆಯ ಮಾತೊಂದು ಇಲ್ಲದಿದ್ದರೆ ನಾನು ದೊಡ್ಡದನ್ನೇ ಆರಿಸುತ್ತಿದ್ದೆನೋ ಏನೋ.

"ನನಗೆ ಸಣ್ಣದು ಸಾಕು," ಎಂದೆ. "ಹಗುರ ಉಂಟು, ನನ್ನ ರಾಡಿಗೆ ಸರಿಯಾಗ್ತದೆ."

ಅದು ಸುಳ್ಳೇನಲ್ಲ. ಆದರೆ ಹೊಳೆಯಲ್ಲಿ ನನ್ನ ಗಾಳಕ್ಕೆ ಒಳ್ಳೆಯ ಕೆಂಬೇರಿ ಮೀನು ಬಿದ್ದಾಗ, ಅದು ನೇರ ನನ್ನ ಕಾಲ ಬುಡಕ್ಕೇ ಓಡಿ ಬಂತು. ಸಣ್ಣ ದಿಂಡಿನ ರೀಲನ್ನು ಎಷ್ಟು ಸುತ್ತಿದರೂ ದಾರ ಬಿಗಿಯಾಗಲಿಲ್ಲ. ಮೀನು ತಲೆ ಕೊಡವಿ ತಪ್ಪಿಸಿಕೊಂಡಿತು. ತಿರುಗಿ ನೋಡಿದರೆ ಗಂಡ ಆಚೆ, ಸಿಸ್ಟರ ಪಕ್ಕ ಬಗ್ಗಿ ನಿಂತಿದ್ದರು.

ಮನೆ ಮುಟ್ಟಿ ಸಿಸ್ಟರ್ ಕಾರಿನಿಂದ ಇಳಿದರು. ಆಮೇಲೆ ಕೇಳಿದೆ: "ನನ್ನ ಮೀನು ಹೋಗುವಾಗ ನೀವು ಎಂತ ನೋಡ್ತಾ ಇದ್ರಿ?"

"ರೀಲ್ ನೋಡ್ತಾ ಇದ್ದೆ."

"ರೀಲನ್ನಾ, ರೀಲಿನವರನ್ನಾ?"

ಅವರು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. "ಎಂತ ಮಾತು ಇದು," ಎಂದಷ್ಟೇ ಹೇಳಿ ಒಳಗೆ ಹೋದರು. ಅವರ ಮುಖದಲ್ಲಿ ಕಳ್ಳತನವಿರಲಿಲ್ಲ, ಬೇಸರವಿತ್ತು. ಅದು ಗೊತ್ತಾದ ಮೇಲೂ ನನ್ನ ಹೊಟ್ಟೆಯ ಉರಿ ತಣ್ಣಗಾಗಲಿಲ್ಲ. ನನಗೆ ಒಂದು ದಿನವೂ ಬೇರಿಂಗಿನ ಬಗ್ಗೆ ಅವರಲ್ಲಿ ಹಾಗೆ ಮಾತಾಡಲು ಬಂದದ್ದಿಲ್ಲ.

ಆಮೇಲಿನ ಭಾನುವಾರ ಯಾರೂ ಹೊಳೆಗೆ ಹೋಗಲಿಲ್ಲ. ಸಂಜೆ ಸಿಸ್ಟರೇ ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಗಂಡ ಪೇಟೆಗೆ ಹೋಗಿದ್ದರು.

"ಟೀಚರ್, ನಾನು ಬರುವುದು ನಿಮಗೆ ಇಷ್ಟ ಇಲ್ಲ, ಅಲ್ವಾ?"

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. "ಹೌದು, ಇಷ್ಟ ಇಲ್ಲ," ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. "ಕುವೈತಿನಲ್ಲಿ ಡ್ಯೂಟಿ ಮುಗಿದರೆ ರೂಮು, ನಾನೊಬ್ಬಳೇ. ಇಲ್ಲಿಯೂ ಈಗ ಹಾಗೇ ಆಗ್ತಾ ಉಂಟು. ಒಂದು ಕೆಲಸ ಮಾಡುವ. ನಾವಿಬ್ಬರೇ ಹೋಗುವ. ಸಾರ್ ಮನೆಯಲ್ಲಿ ಇರಲಿ."

ಹೀಗೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಶಾಲೆಗೆ ರಜೆ ಇದ್ದ ಒಂದು ಶನಿವಾರ, ಗಂಡ ಡ್ಯೂಟಿಗೆ ಹೋದ ಮೇಲೆ, ಅವರ ಸ್ಕೂಟರಿನಲ್ಲಿ ಹೊರಟೆವು. ಹೊಳೆಯಲ್ಲಿ ಅವರು ತಮ್ಮ ರಾಡನ್ನೇ ನನ್ನ ಕೈಗಿಟ್ಟರು. ಬೇಡ ಎನ್ನಬೇಕೆಂದಿದ್ದವಳು ಹಿಡಿದುಕೊಂಡೆ. ನನ್ನದಕ್ಕಿಂತ ಭಾರ, ಆದರೆ ದಾರ ಸುರುಳಿಯಿಲ್ಲದೆ ನೆಟ್ಟಗೆ ಹೊರಟಿತು. ಬಿಸಿಲೇರುವಾಗ ಮೀನು ಬಿತ್ತು. ಮತ್ತೆ ಕೆಂಬೇರಿ, ಮತ್ತೆ ನನ್ನ ಕಡೆಗೇ ಓಟ.

"ಸುತ್ತಿ ಟೀಚರ್, ನಿಲ್ಲಿಸಬೇಡಿ."

ಸುತ್ತಿದೆ. ದಾರ ಬಿಗಿಯಾಯಿತು. ಸಿಸ್ಟರ್ ಸೀರೆ ಎತ್ತಿಕಟ್ಟಿ ನೀರಿಗಿಳಿದು ಬಲೆಚೀಲ ಹಿಡಿದರು. ಫೋಟೊ ತೆಗೆದು ಮೀನನ್ನು ಬಿಟ್ಟೆವು.

ಗಂಡನಿಗೆ ಫೋಟೊ ಕಳಿಸಿದ ಕೂಡಲೇ ಫೋನ್ ಬಂತು.

"ನನ್ನನ್ನು ಬಿಟ್ಟು ಹೋದದ್ದಾ? ನೀವಿಬ್ಬರೇ?"

ಅವರ ದನಿಯಲ್ಲಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಹಳ ದಿನದ ನಂತರ ನನಗೆ ಖುಷಿಯಾಯಿತು.

ಈಗ ನನ್ನ ಬಳಿಯೂ ಲಾರ್ಜ್ ಆರ್ಬರ್ ಉಂಟು. ರಜೆಯ ಶನಿವಾರ ಸಿಸ್ಟರ್ ಜೊತೆ, ಭಾನುವಾರ ಗಂಡನ ಜೊತೆ ಹೊಳೆಗೆ ಹೋಗುತ್ತೇನೆ. ಒಮ್ಮೊಮ್ಮೆ ಮೂವರೂ ಒಟ್ಟಿಗೆ ಹೋಗುವುದುಂಟು. ಅಂಥ ದಿನ ಸಿಸ್ಟರ ಮೀನನ್ನು ಗಂಡ ಸ್ವಲ್ಪ ಜಾಸ್ತಿ ಹೊಗಳಿದರೆ, ಮನೆ ಮುಟ್ಟುವವರೆಗೂ ನಾನು ಹೆಚ್ಚು ಮಾತಾಡುವುದಿಲ್ಲ.