ನನ್ನ ಕಾದಂಬರಿಗೆ ಕೈ ಎತ್ತದವರು

ಮಾತಾಡುವ ಮನಸ್ಸಿಲ್ಲದಾಗ ಅವರು ಹಲ್ಲಿನ ಸೆಟ್ ತೆಗೆದು ಸಾಸರಿನಲ್ಲಿ ಇಟ್ಟುಬಿಡುತ್ತಿದ್ದರು. ಮೇಲಿನ ಸಾಲು ಪೂರ್ತಿ, ಗುಲಾಬಿ ಬಣ್ಣದ ವಸಡಿನ ಸಮೇತ, ಚಕ್ಕುಲಿ ತಟ್ಟೆಯ ಪಕ್ಕದಲ್ಲೇ. ಅದು ಅಲ್ಲಿರುವವರೆಗೆ ನಾವು ನಮಗೆ ತೋಚಿದ್ದನ್ನು ಧೈರ್ಯವಾಗಿ ಹೇಳಬಹುದಿತ್ತು. ಅವರು ತುಟಿ ಒಳಗೆಳೆದುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು, ಕೇಳುತ್ತಿದ್ದಾರೋ ತೂಕಡಿಸುತ್ತಿದ್ದಾರೋ ತಿಳಿಯದ ಹಾಗೆ ಕೂತಿರುತ್ತಿದ್ದರು. ಯಾರಾದರೂ ಪೆದ್ದುಪೆದ್ದಾಗಿ ಏನೋ ಹೇಳಿ, ಅವರ ಕೈ ಸಾಸರಿನ ಕಡೆ ಹೋಯಿತೋ, ಹೇಳುತ್ತಿದ್ದವರು ಮಾತನ್ನು ಅರ್ಧಕ್ಕೇ ನುಂಗುತ್ತಿದ್ದರು.

ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಲೈಬ್ರರಿ ಆಂಟಿ ಎಂದು. ಅವರೇನೂ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ಹಗಲೆಲ್ಲ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಡೇಟಾ ಎಂಟ್ರಿ. ಆದರೆ ಈಸ್ಟ್ ಬ್ರನ್ಸ್‌ವಿಕ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಗೋಡೆಯುದ್ದಕ್ಕೂ ಕನ್ನಡ ಕಾದಂಬರಿಗಳಿದ್ದವು. ಅವಕ್ಕೆ ಬೂಷ್ಟು ಹಿಡಿಯಬಾರದೆಂದು ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ವರ್ಷವಿಡೀ ಗೊರಗುಟ್ಟುತ್ತಿತ್ತು. ಎಂಬತ್ತರ ದಶಕದ ಮಧ್ಯದ ಆ ದಿನಗಳಲ್ಲಿ ನ್ಯೂಜೆರ್ಸಿಯಲ್ಲಿ ಕನ್ನಡ ಓದಬೇಕೆನ್ನಿಸಿದರೆ ಆ ಬೇಸ್‌ಮೆಂಟಿನ ಮೆಟ್ಟಿಲಿಳಿಯದೆ ಬೇರೆ ದಾರಿ ಇರಲಿಲ್ಲ.

ನಾನು ಮೈಸೂರಿನಿಂದ ಮದುವೆಯಾಗಿ ಪಾರ್ಸಿಪನಿಗೆ ಬಂದವಳು. ಮೊದಲ ಚಳಿಗಾಲದಲ್ಲಿ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿ ನೋಡಿ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು. ಆಗ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಿಕ್ಕ ಈ ಆಂಟಿ ನನ್ನ ಹೆಸರು, ಊರು ಯಾವುದನ್ನೂ ಕೇಳದೆ, ಏನು ಓದಿದ್ದೀಯ ಎಂದು ಕೇಳಿದರು. ಹೇಳಿದೆ. ನಾನು ಓದಿದ್ದರಲ್ಲಿ ಮುಕ್ಕಾಲು ಪಾಲು ಕಸ ಎಂದು ಅಲ್ಲೇ, ಪ್ರಸಾದದ ದೊನ್ನೆ ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟರು. ಮರುವಾರ ಗ್ರೋಸರಿ ಬ್ಯಾಗಿನ ತುಂಬ ಪುಸ್ತಕ ಕಳಿಸಿದರು. ಅಲ್ಲಿಂದ ಪ್ರತಿ ಶನಿವಾರ ಬೆಳಿಗ್ಗೆ ಅವರ ಫೋನು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ. ಎತ್ತಿದ ಕೂಡಲೇ, "ಎಷ್ಟನೇ ಪುಟದಲ್ಲಿದೀಯ?"

ಆ ಪ್ರಶ್ನೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ ಎಂದು ಈಗ ಹೇಳಲು ನನಗೆ ನಾಚಿಕೆಯಿಲ್ಲ. ಆ ದೇಶದಲ್ಲಿ ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಆ ಬೇಸ್‌ಮೆಂಟಿನಲ್ಲೇ ಸೇರುತ್ತಿದ್ದ ನಮ್ಮ ಹೆಂಗಸರ ಓದುಕೂಟದಲ್ಲಿ ಕಾದಂಬರಿ ಆರಿಸುವುದೆಂದರೆ ಹೆಣ್ಣಿಗೆ ಗಂಡು ನೋಡುವುದಕ್ಕಿಂತ ಕಷ್ಟದ ಕೆಲಸ. ಬೇಸಿಗೆಯಲ್ಲಿ ಊರಿಗೆ ಹೋದವರು ಅದರ ಪ್ರತಿಗಳನ್ನು ಸೂಟ್‌ಕೇಸಿನಲ್ಲಿ ಹೊತ್ತು ತರಬೇಕು. ಅಷ್ಟು ತೂಕದ ಸಾರಿನ ಪುಡಿ, ಹಪ್ಪಳ, ಅಮ್ಮ ಕೊಟ್ಟ ಉಪ್ಪಿನಕಾಯಿ ಅಲ್ಲೇ ಬಿಟ್ಟು ಬರಬೇಕು. ಹಾಗಾಗಿ ಏಪ್ರಿಲ್‌ನಲ್ಲಿ ಕೂತು ಆರಿಸಿದರೆ ಪುಸ್ತಕ ಬರುವುದು ಆಗಸ್ಟಿಗೆ, ಓದಿ ಚರ್ಚಿಸುವುದು ಚಳಿಗಾಲದಲ್ಲಿ. ಇನ್ನೊಂದು ಆಯ್ಕೆ ಶರತ್ಕಾಲದಲ್ಲಿ, ಡಿಸೆಂಬರಿನಲ್ಲಿ ಹೋಗುವವರ ಪಾಲಿಗೆ. ಪ್ರತಿಯೊಬ್ಬರೂ ತಮ್ಮ ಕಾದಂಬರಿಯ ಪರ ಮಾತಾಡಬೇಕು, ಆಮೇಲೆ ಕೈ ಎತ್ತಿ ವೋಟು. ಒಮ್ಮೆ ಆರಿಸಿದರೆ ಮುಗಿಯಿತು, ಕೆಟ್ಟದಾಗಿದ್ದರೂ ಅರ್ಧ ವರ್ಷ ಅದರ ಜೊತೆಯೇ ಸಂಸಾರ.

ಈ ವಕಾಲತ್ತು ನಡೆಯುವಾಗಲೇ ಆಂಟಿಯ ಕೈ ಸಾಸರಿಗೆ ಹೋಗುತ್ತಿದ್ದದ್ದು. ಧಾರವಾಡದ ಅಕ್ಕ ಒಬ್ಬರಿದ್ದರು, ಬಹಳ ಮೆದು ಮನಸ್ಸಿನವರು. ಈ ಕಾದಂಬರಿ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ ಎಂದರು. ಆಂಟಿ ಹಲ್ಲು ಹಾಕಿಕೊಂಡು, "ಈರುಳ್ಳಿ ಹೆಚ್ಚಿದ್ರೂ ಬರುತ್ತೆ" ಎಂದು, ಹಲ್ಲು ತೆಗೆದಿಟ್ಟರು. ಹೋಬೋಕನ್‌ನಿಂದ ಟ್ರೇನಿನಲ್ಲಿ ಬರುತ್ತಿದ್ದ ಹೊಸ ಮದುವಣಗಿತ್ತಿಯೊಬ್ಬಳು ತಾನು ಓದಿದ್ದೇನೆಂದು ಹೇಳಿಕೊಂಡ ಕಾದಂಬರಿಯನ್ನು ನಿಜವಾಗಿ ವಾರಪತ್ರಿಕೆಯಲ್ಲಿ ಅರ್ಧ ಮಾತ್ರ ಓದಿದ್ದಳು. ಆಂಟಿ ಅವಳಿಂದ ಕೊನೆಯ ಅಧ್ಯಾಯದ ಕಥೆ ಹೇಳಿಸಿದರು. ಹುಡುಗಿ ಕಲ್ಪಿಸಿಕೊಂಡು ಹೇಳುತ್ತಾ ಹೋದಳು, ಇವರು ಹೂಂಗುಡುತ್ತಾ ಹೋದರು, ಕೊನೆಗೆ ಕಾದಂಬರಿ ತೆಗೆದು ಅವಳ ತೊಡೆಯ ಮೇಲಿಟ್ಟು, ಇದರಲ್ಲಿ ಎಲ್ಲಿದೆ ತೋರಿಸು ಎಂದರು. ಅವಳು ಮತ್ತೆ ಬರಲಿಲ್ಲ. ಪಾಪ ಅನ್ನಿಸಿತ್ತು. ನಕ್ಕಿದ್ದೆವು ಕೂಡ.

ನನಗೆ ಎದೆಯಲ್ಲಿ ಗಂಟಾಗಿ ಆಪರೇಷನ್ ಆದದ್ದು ಆ ವರ್ಷಗಳಲ್ಲೇ. ವಾಸಿಯಾಯಿತೆಂದರು. ನಮ್ಮ ಡಾಕ್ಟರು ನಮ್ಮವರೇ, ನನ್ನ ಯಜಮಾನರ ಜೊತೆ ಮೈಸೂರಿನಲ್ಲಿ ಒಂದೇ ಹಾಸ್ಟೆಲ್ಲಿನಲ್ಲಿದ್ದವರು. ಮರುವರ್ಷ ಒಂದು ಸ್ಕ್ಯಾನ್ ಮಾಡಿಸಿ, ಸ್ವಲ್ಪ ನಿಶ್ಶಕ್ತಿ ಇದೆ ಎಂದು ದಿನವೂ ತೆಗೆದುಕೊಳ್ಳಲು ಒಂದು ಮಾತ್ರೆ ಬರೆದುಕೊಟ್ಟರು. ನಾನು ತೆಗೆದುಕೊಳ್ಳುತ್ತಾ ಬಂದೆ.

ಅಲ್ಲಿಂದ ನನ್ನ ಅದೃಷ್ಟ ಖುಲಾಯಿಸಿತು. ಓದುಕೂಟದಲ್ಲಿ ನಾನು ಹೇಳಿದ್ದಕ್ಕೆಲ್ಲ ಎಲ್ಲರೂ ತಲೆಯಾಡಿಸತೊಡಗಿದರು. ಭಾನುವಾರ ಅನುಕೂಲವಿಲ್ಲ ಎಂದರೆ ಶನಿವಾರಕ್ಕೆ ಬದಲಾಯಿಸಿದರು. ನನಗಿಷ್ಟವೆಂದು ಧಾರವಾಡದ ಅಕ್ಕ ಪ್ರತಿ ಸಲ ಕರಿಗಡಬು ಮಾಡಿ ತಂದರು. ಶರತ್ಕಾಲದಲ್ಲಿ ನಾನು ಸೂಚಿಸಿದ ಕಾದಂಬರಿ ಗೆದ್ದಿತು. ನನ್ನ ಅಭಿರುಚಿ ಪಕ್ವವಾಗಿದೆ ಎಂದು ನಾನು ನಂಬಿದೆ. ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ವಿಮರ್ಶೆಯ ಮೇಲೆ ಭಾಷಣ ಮಾಡುತ್ತಿದ್ದೆ. ಅವರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಎಷ್ಟು ಗೌರವ ಬಂದಿದೆ ನೋಡು ಇವರಿಗೆ ನನ್ನ ಮೇಲೆ, ಎಂದುಕೊಳ್ಳುತ್ತಿದ್ದೆ.

ಏಪ್ರಿಲ್ ಬಂತು. ನಾನು ತಂದದ್ದು ಮೂರು ತಲೆಮಾರಿನ ಕಥೆಯಿರುವ ದಪ್ಪ ಕಾದಂಬರಿ. ಅದರ ನಾಯಕಿ ಎಲ್ಲರಿಗಾಗಿ ಸವೆದು, ಎಲ್ಲರನ್ನೂ ಕ್ಷಮಿಸಿ, ಸಂಜೆಯ ಹೊತ್ತು ತುಳಸಿಕಟ್ಟೆಗೆ ಒರಗಿಕೊಂಡು ಪ್ರಾಣ ಬಿಡುತ್ತಾಳೆ. ನಾನು ಅದರ ಪರವಾಗಿ ಬಹಳ ಹೊತ್ತು ಮಾತಾಡಿದೆ. ಆಂಟಿ ತಂದದ್ದು ಜಿಪುಣ ವಿಧುರನೊಬ್ಬ ಮತ್ತು ಅವನ ಮನೆಯ ಅಡುಗೆಯಾಕೆಯ ನಡುವೆ ಇಪ್ಪತ್ತು ವರ್ಷ ನಡೆಯುವ ಜಗಳದ ತೆಳ್ಳನೆಯ ಕಾದಂಬರಿ. ವೋಟಿಗೆ ಹಾಕಿದಾಗ ಇಡೀ ಬೇಸ್‌ಮೆಂಟು ನನ್ನ ಕಾದಂಬರಿಗೆ ಕೈ ಎತ್ತಿತು. ಹಿಂದಿನ ವಾರವಷ್ಟೇ ಫೋನಿನಲ್ಲಿ ತಮ್ಮತಮ್ಮಲ್ಲೇ ಅದನ್ನು ಆಡಿಕೊಂಡಿದ್ದವರೂ ಎತ್ತಿದರು, ಅದು ನನಗೆ ತಿಳಿದದ್ದು ಆಮೇಲೆ. ಆಂಟಿ ಒಬ್ಬರೇ ಎತ್ತಲಿಲ್ಲ. ಅವರು ಸಾಸರಿಗೆ ಕೈ ಹಾಕಿದರು.

ಅವರ ಮಾತು ಇಂದಿಗೂ ನನಗೆ ಅಕ್ಷರ ತಪ್ಪದೆ ನೆನಪಿದೆ.

"ನಿನ್ನ ಕಾದಂಬರಿ ಚೆನ್ನಾಗಿದೆ ಅಂತ ಇವರು ಕೈ ಎತ್ತಿಲ್ಲ ಕಣೇ. ನಿಂಗೆ ಕಾಯಿಲೆ ವಾಪಸ್ ಬಂದಿದೆ, ಜಾಸ್ತಿ ದಿನ ಇರಲ್ಲ ಅಂತ ಎತ್ತಿದಾರೆ. ನಿನ್ನ ಗಂಡನೇ ಎಲ್ಲರಿಗೂ ಫೋನ್ ಮಾಡಿ ಹೇಳಿದಾನೆ. ಪುಸ್ತಕ ಬರೋದು ಆಗಸ್ಟ್‌ಗೆ, ಓದೋದು ಚಳಿಗಾಲದಲ್ಲಿ. ನೀನು ಹೊರಟೋಗ್ತೀಯ. ಈ ಗೊಡ್ಡನ್ನ ಓದ್ಬೇಕಾಗಿರೋದು ನಾವು."

ಯಾರಾದರೂ ಸುಳ್ಳು ಎನ್ನುತ್ತಾರೆಂದು ನಾನು ಕಾದೆ. ಧಾರವಾಡದ ಅಕ್ಕ, "ಹಂಗ ಅನಬಾರದ್ರೀ ಆಂಟಿ" ಎಂದರು. ಹಾಗೆ ಹೇಳಬಾರದು ಎಂದರೇ ಹೊರತು ಹಾಗಿಲ್ಲ ಎನ್ನಲಿಲ್ಲ. ಉಳಿದವರು ಕಾರ್ಪೆಟ್ಟು ನೋಡುತ್ತಿದ್ದರು. ಒಬ್ಬಾಕೆಯ ಕೈ ಇನ್ನೂ ಮೇಲೇ ಇತ್ತು, ಇಳಿಸುವುದನ್ನೇ ಮರೆತಿದ್ದಳು. ನನಗೆ ಅಷ್ಟು ಸಾಕಾಯಿತು.

ಜನ ನಂಬುವುದಿಲ್ಲ, ಆದರೆ ನನಗೆ ಮೊದಲು ಉರಿದದ್ದು ಸಾವಿನ ಮಾತಿಗಲ್ಲ. ಹಾಗಾದರೆ ಶರತ್ಕಾಲದ ಕಾದಂಬರಿಯೂ ಹೀಗೆಯೇ ಗೆದ್ದದ್ದೇ ಎಂದು ಉರಿಯಿತು. ಸಾವಿನ ಭಯ ಆಮೇಲೆ, ಕಾರಿನಲ್ಲಿ ಬಂತು. ಓದುಕೂಟ ಮುಗಿಯುವವರೆಗೆ ಆಂಟಿಯ ಮನೆಯ ಮೇಲಂತಸ್ತಿನಲ್ಲಿ ಅಂಕಲ್‌ಗಳ ಜೊತೆ ಟಿವಿ ನೋಡುತ್ತಾ ಕೂತಿದ್ದ ಯಜಮಾನರು ಏನೂ ತಿಳಿಯದೆ ಡ್ರೈವ್ ಮಾಡುತ್ತಿದ್ದರು. ಕೇಳಿದೆ. ಅವರು ಕಾರನ್ನು ಹೈವೇಯ ಅಂಚಿನ ಶೋಲ್ಡರಿಗೆ ತೆಗೆದುಕೊಂಡು ಹೋಗಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತರು. ಹೌದು, ವಾಪಸ್ ಬಂದಿದೆ. ಡಾಕ್ಟರೂ ಅವರೂ ಸೇರಿ ಯೋಚಿಸಿದ್ದಾರೆ. ದೊಡ್ಡ ಚಿಕಿತ್ಸೆಯಲ್ಲಿ ಹಿಂಸೆ ಜಾಸ್ತಿ, ಭರವಸೆ ಕಡಿಮೆ. ಇರುವಷ್ಟು ದಿನ ನಾನು ನಗುನಗುತ್ತಾ ಇರಲಿ ಎಂದು ಮಾತ್ರೆಯಲ್ಲೇ ನಿಲ್ಲಿಸಿದ್ದಾರೆ. ನನಗೆ ಗೊತ್ತಾಗದಿರಲಿ ಎಂದು ಊರಿಗೆಲ್ಲ ಹೇಳಿದ್ದಾರೆ.

ನನ್ನ ಮೈಯ ಬಗ್ಗೆ ಪಾರ್ಸಿಪನಿಯಿಂದ ಈಸ್ಟ್ ಬ್ರನ್ಸ್‌ವಿಕ್‌ವರೆಗೂ ಎಲ್ಲರಿಗೂ ಗೊತ್ತಿತ್ತು. ನನಗೊಬ್ಬಳಿಗೆ ಬಿಟ್ಟು.

ಮರುವಾರವೇ ನ್ಯೂಯಾರ್ಕಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ನಮ್ಮವರಲ್ಲದ, ನನ್ನ ಗಂಡನ ಮುಖ ನೋಡದ, ನನ್ನ ಮುಖವನ್ನೇ ನೋಡಿ ಮಾತಾಡುವ ಡಾಕ್ಟರಮ್ಮನೊಬ್ಬಳು ಸಿಕ್ಕಳು. ನನ್ನ ಒಡಕು ಇಂಗ್ಲಿಷಿನಲ್ಲಿ, ಹಿಂಸೆಯಾದರೂ ಪರವಾಗಿಲ್ಲ, ಇರುವುದನ್ನೆಲ್ಲ ಮಾಡಿ ಎಂದೆ. ಮಾಡಿದರು. ಅದರ ವಿವರ ಇಲ್ಲಿ ಬೇಡ. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಕನ್ನಡಿ ನೋಡುವುದನ್ನು ಬಿಟ್ಟೆ. ಸಾಯುವುದೇ ವಾಸಿ ಎನ್ನಿಸಿದ ದಿನಗಳಲ್ಲಿ ಲೈಬ್ರರಿ ಆಂಟಿಯನ್ನು ನೆನೆಸಿಕೊಂಡು ಶಪಿಸುತ್ತಿದ್ದೆ. ಶಪಿಸಿದರೆ ಒಂದಿಷ್ಟು ಚೈತನ್ಯ ಬರುತ್ತಿತ್ತು.

ಆ ದಿನ ಆಂಟಿ ಅಷ್ಟೆಲ್ಲ ಹೇಳಿದ್ದಕ್ಕೇ ಹಟ ಹಿಡಿದು ಉಳಿದವರು ನನ್ನ ಕಾದಂಬರಿಯನ್ನೇ ಆರಿಸಿದ್ದರು. ಆಗಸ್ಟಿನಲ್ಲಿ ಪ್ರತಿಗಳು ಬಂದವು. ಧಾರವಾಡದ ಅಕ್ಕ ನನಗೊಂದು ತಂದುಕೊಟ್ಟರು. ನಾನು ಹಿಂದೆ ಅದನ್ನು ಓದಿದ್ದು ಹುಡುಗಿಯಾಗಿದ್ದಾಗ, ನೆನಪಿನ ಮೇಲೆಯೇ ವಕಾಲತ್ತು ಮಾಡಿದ್ದೆ. ಈಗ ಆಸ್ಪತ್ರೆಯ ಹಾಸಿಗೆಯಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು, ಬೇರೆ ಓದಲು ಗತಿಯಿಲ್ಲದೆ ಪೂರ್ತಿ ಓದಿದೆ. ಗೊಡ್ಡೇ. ತುಳಸಿಕಟ್ಟೆಗೆ ಒರಗಿದ ಆ ಪುಣ್ಯಾತ್ಗಿತ್ತಿ ಒಂದು ಸಲವಾದರೂ ಯಾರಿಗಾದರೂ ಬೈಯಬಾರದೇ ಎಂದು ಪುಟಪುಟಕ್ಕೂ ಅನ್ನಿಸುತ್ತಿತ್ತು.

ಇತ್ತ ಓದುಕೂಟದವರು ಆಂಟಿಯನ್ನು ಬಹಿಷ್ಕರಿಸಿದ್ದರು. ತಾವು ಕೊಟ್ಟಿದ್ದ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಧಾರವಾಡದ ಅಕ್ಕನ ಮನೆಗೆ ಸಾಗಿಸಿ, ಅಲ್ಲೇ ಸೇರತೊಡಗಿದರು. ಯುಗಾದಿಯ ಊಟದಲ್ಲಿ ಆಂಟಿ ಕೂತ ಮೇಜಿಗೆ ಯಾರೂ ಹೋಗುತ್ತಿರಲಿಲ್ಲವಂತೆ. ಆಂಟಿಯ ಗಂಡ, ಎಂದೂ ಒಂದು ಮಾತಾಡದ ಮನುಷ್ಯ, ತಾನೇ ತಟ್ಟೆಯಲ್ಲಿ ಹೋಳಿಗೆ ಹಾಕಿಸಿಕೊಂಡು ಬಂದು ಅವರ ಮುಂದಿಟ್ಟು ಪಕ್ಕದಲ್ಲಿ ಕೂರುತ್ತಿದ್ದರಂತೆ.

ಆದರೆ ನಾನು ಸಾಯಲಿಲ್ಲ. ಕೂದಲು ಬಂತು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮರುವರ್ಷವೂ ಕಾಣಲಿಲ್ಲ. ಆಗ ಅದೇ ಹೆಂಗಸರು ಪ್ಲೇಟು ತಿರುಗಿಸಿದರು. ಆಂಟಿ ಬೇಕೆಂತಲೇ ಹಾಗೆ ಹೇಳಿದ್ದು, ನನ್ನನ್ನು ಉಳಿಸಲಿಕ್ಕೇ ನಿಷ್ಠುರ ಕಟ್ಟಿಕೊಂಡದ್ದು, ಹೊರಗೆ ಒರಟು, ಒಳಗೆ ತಾಯಿ ಕರುಳು ಎನ್ನತೊಡಗಿದರು. ನನಗೂ ಹಾಗೆಯೇ ಇರಬಹುದೆನ್ನಿಸಿ, ಒಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಬೇಸ್‌ಮೆಂಟಿಗೆ ಇಳಿದೆ. ಅವರೊಬ್ಬರೇ ಓದುತ್ತಾ ಕೂತಿದ್ದರು. ನನ್ನನ್ನು ಕಾಪಾಡಬೇಕೆಂದೇ ಅಲ್ಲವೇ ಅಂದು ಹೇಳಿದ್ದು ಎಂದು ಕೇಳಿದೆ.

"ಇಲ್ಲಮ್ಮ," ಎಂದರು. "ನಿನ್ನ ವಿಷ್ಯ ನನ್ನ ತಲೇಲೇ ಇರ್ಲಿಲ್ಲ. ಆ ಪುಸ್ತಕ ಬರಬಾರ್ದು ಅಂತಿತ್ತು, ಅಷ್ಟೇ."

ನಾನು ಸತ್ತೇ ಹೋಗಿದ್ದರೆ ಎಂದೆ. ಸತ್ತಿದ್ದರೆ ಬೇಜಾರಾಗುತ್ತಿತ್ತು, ಆದರೂ ಆ ಪುಸ್ತಕ ಕೆಟ್ಟದ್ದೇ ಆಗಿರುತ್ತಿತ್ತು ಎಂದರು. ನನಗಾಗಿ ಸುಳ್ಳು ಹೇಳುವಷ್ಟು ಕನಿಕರವೂ ಆ ಮುಖದಲ್ಲಿರಲಿಲ್ಲ. ನಾನು ಅಲ್ಲಿಯವರೆಗೆ ಅಷ್ಟು ಸಿಟ್ಟಿನಿಂದ ಯಾರನ್ನೂ ನೋಡಿರಲಿಲ್ಲ. ಅವರು ನನ್ನ ಸಿಟ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಓದಿದೆಯಾ ಅದನ್ನು, ಹೇಗಿತ್ತು ಎಂದು ಕೇಳಿದರು. ಕೆಟ್ಟದಾಗಿತ್ತು ಎಂದೆ. ಅವರು ಎದ್ದು ಮೇಲೆ ಹೋಗಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಾವೇ ಕಾಫಿ ಬೆರೆಸಿಕೊಂಡು ತಂದರು.

ಆ ವಾರದ ಶನಿವಾರದಿಂದ, ನಿಂತುಹೋಗಿದ್ದ ಫೋನು ಮತ್ತೆ ಶುರುವಾಯಿತು. ಅವರನ್ನು ಪ್ರೀತಿಸಿದೆ ಎಂದು ಹೇಳಲಾರೆ. ಆದರೆ ಅವರೊಬ್ಬರ ಮಾತನ್ನು ಮಾತ್ರ ನಾನು ನಂಬುತ್ತಿದ್ದೆ. ಉಳಿದವರು ನನ್ನ ಸೀರೆ ಚೆನ್ನಾಗಿದೆ ಎಂದರೂ, ನನಗೆ ಮತ್ತೇನಾದರೂ ಬಂದಿರಬಹುದೇ ಎಂದು ಮನೆಗೆ ಬಂದು ಸ್ಕ್ಯಾನಿನ ರಿಪೋರ್ಟು ತೆಗೆದು ನೋಡುತ್ತಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲೊಂದು ಫೆಬ್ರವರಿಯಲ್ಲಿ, ಆಫೀಸಿನಿಂದ ಬಂದು ಕೋಟು ಬಿಚ್ಚುತ್ತಿದ್ದ ಹಾಗೆಯೇ ಆಂಟಿ ಕುಸಿದು ಹೋದರು. ಸ್ಟ್ರೋಕ್. ಫ್ಯೂನರಲ್ ಹೋಮಿನಲ್ಲಿ ಓದುಕೂಟದವರೆಲ್ಲ ನೆರೆದಿದ್ದರು. ಒಬ್ಬೊಬ್ಬರೇ ಎದ್ದು ಮಾತಾಡಿದರು. ತಾಯಿ ಹೃದಯ ಎಂದರು, ಬೆಣ್ಣೆಯಂಥ ಮನಸ್ಸು ಎಂದರು. ಕೊನೆಗೆ, ಅವರ ಋಣ ಎಲ್ಲರಿಗಿಂತ ಹೆಚ್ಚು ಇರುವುದು ನಿನಗೆ, ನೀನೂ ಎರಡು ಮಾತಾಡು ಎಂದು ನನ್ನನ್ನು ಎಬ್ಬಿಸಿದರು.

ನಾನು ಹೇಳಿದ್ದು ಇಷ್ಟು. "ಆಂಟಿಗೆ ನಾನು ಬದುಕಿದ್ರೂ ಸತ್ರೂ ಒಂದೇ ಆಗಿತ್ತು. ಅವರು ನನಗೆ ನಿಜ ಹೇಳಿದ್ದು ಅದಕ್ಕೇ. ನನ್ನ ಪ್ರೀತಿಸ್ತಿದ್ದೋರೆಲ್ಲ ಸೇರ್ಕೊಂಡು, ನಗುನಗುತ್ತಾ, ನನ್ನ ಸಾಯೋಕೆ ಬಿಟ್ಟಿದ್ರು." ಧಾರವಾಡದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಂಟಿಯ ಗಂಡ ಒಬ್ಬರೇ ತಲೆಯೆತ್ತಿ ನನ್ನನ್ನು ನೋಡಿ, ಹೌದೆನ್ನುವ ಹಾಗೆ ಕತ್ತು ಆಡಿಸಿದರು. ನಾನು ಕೂರುವಷ್ಟರಲ್ಲಿ ನನ್ನ ಯಜಮಾನರ ಕುರ್ಚಿ ಖಾಲಿಯಾಗಿತ್ತು.

ಅವರು ಪಾರ್ಕಿಂಗ್ ಲಾಟಿನಲ್ಲಿ ಕಾರು ಸ್ಟಾರ್ಟ್ ಮಾಡಿ, ಹೀಟರ್ ಹಾಕಿಕೊಂಡು ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಅವರು ಗೇರು ಹಾಕಲಿಲ್ಲ. ನಾನು ಕಾಯಿಲೆ ಬಿದ್ದಷ್ಟು ದಿನವೂ ನನಗಾಗಿ ಗಂಜಿ ಬಸಿದ, ಬಚ್ಚಲಿಗೆ ಕೈಹಿಡಿದು ನಡೆಸಿದ ಮನುಷ್ಯ. ನಾನು ಇಲ್ಲ ಎನ್ನುತ್ತೇನೆಂದು ಅವರಿಗೆ ಖಾತ್ರಿಯಿತ್ತೆಂದು ಕಾಣುತ್ತದೆ, ನನ್ನ ಕಡೆ ತಿರುಗಿಯೇ ಕೇಳಿದರು.

"ಒಳಗೆ ಹೇಳಿದ್ಯಲ್ಲ, ಅದ್ರಲ್ಲಿ ನಾನೂ ಸೇರಿದೀನಾ?"

ಹೂಂ ಎಂದೆ.