ಗಣಿ ಮುಚ್ಚಿದೆ, ಓದೇಲು ಪಂಪು ನಿಲ್ಲಿಸಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೋದಾವರಿ ತೀರದ ಈ ಕಲ್ಲಿದ್ದಲು ಗಣಿಯೂರಿನಲ್ಲಿ ದುರ್ಗಂ ಓದೇಲು ಸೈಕಲ್ಲನ್ನು ಮೈಸಮ್ಮನ ಗುಡಿಗೆ ಒರಗಿಸುತ್ತಾರೆ, ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ತಗಡಿನ ಶೆಡ್ಡಿನ ಬೀಗ ತೆಗೆದು ಹಸಿರು ಗುಂಡಿ ಒತ್ತುತ್ತಾರೆ. ಕೂಡಲೇ ಹೊರಗೆ ಬಂದು ದಪ್ಪ ಕೊಳವೆಯ ಮೇಲೆ ಅಂಗೈ ಇಡುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಕೊಳವೆ ಸಣ್ಣಗೆ ನಡುಗುತ್ತದೆ. "ಬಂತು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಬಂದದ್ದು ನೀರು. ಗಣಿಯೊಳಗೆ ಜಿನುಗುವ ನೀರನ್ನು ಎತ್ತಿ ಹೊರಹಾಕುವ ಪಂಪನ್ನು ನೋಡಿಕೊಳ್ಳುವ ಖಲಾಸಿ ಅವರು. ಇಪ್ಪತ್ತೆರಡು ವರ್ಷದಿಂದ ಗುತ್ತಿಗೆಯ ಕೆಲಸ. ಅದೇ ನೀರು ದಿಬ್ಬದ ಟ್ಯಾಂಕಿಗೆ ಏರಿ, ಅಲ್ಲಿಂದ ಕಾಲೊನಿಯ ಆರುನೂರು ಮನೆಗಳ ನಲ್ಲಿಗೆ ಇಳಿಯುತ್ತದೆ. ಗಣಿ ತೋಡಿದ ಮೇಲೆ ಊರ ಬಾವಿಗಳು ಬತ್ತಿ ಎಷ್ಟೋ ಕಾಲವಾಯಿತು, ಬೇರೆ ನೀರಿಲ್ಲ. ಕಳೆದ ವರ್ಷ ಗಣಿ ಮುಚ್ಚಿದಾಗ ಕಾಯಂ ಕೆಲಸಗಾರರನ್ನು ದೂರದ ಗಣಿಗಳಿಗೆ ಕಳಿಸಿದರು. ಗುತ್ತಿಗೆಯವರು ಗಾರೆ ಕೆಲಸ, ಆಟೋ ಅಂತ ಚದುರಿಹೋದರು. ಓದೇಲುಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹಾಗಾಗಿ ಅವರು ಬರುತ್ತಲೇ ಇದ್ದಾರೆ. ಕೂಲಿ ಒಂದು ತಿಂಗಳು ಬರುತ್ತದೆ, ಒಂದು ತಿಂಗಳು ಬರುವುದಿಲ್ಲ.

ಹೋದ ವಾರ ಹೇಳುವವರು ಬಂದರು, ಅದೂ ಇಬ್ಬರು. ಬೆಳಿಗ್ಗೆ ಜೀಪಿನಲ್ಲಿ ಬಂದ ಅಧಿಕಾರಿ, ತಿಂಗಳ ಕೊನೆಗೆ ಪಂಪು ಎತ್ತಿ ಗೋದಾಮಿಗೆ ಸಾಗಿಸುತ್ತೇವೆ ಅಂದರು. ಮಧ್ಯಾಹ್ನ ಬಂದ ಇನ್ನೊಬ್ಬರು, ಕಾಲೊನಿಗೆ ನೀರು ನಿಲ್ಲಕೂಡದು, ಪಂಪು ಬಂದ್ ಮಾಡಬೇಡ ಅಂದರು.

"ಇಬ್ರಿಗೂ ಆಯ್ತು ಸಾರ್ ಅಂದೆ," ಅನ್ನುತ್ತಾರೆ ಓದೇಲು. "ಮತ್ತೇನನ್ಲಿ? ಇಬ್ರೂ ಸಾರೇ."

ಶೆಡ್ಡಿನ ಎದುರು ಚಹಾ ಮಾರುವ ಸಮ್ಮಕ್ಕ ಗ್ಲಾಸು ತಂದು ಕೊಡುತ್ತಾರೆ. ಪಾಳಿಗೆ ಬರುವವರು ಇಲ್ಲದಿದ್ದರೂ ದೊಡ್ಡ ಪಾತ್ರೆಯಲ್ಲೇ ಕುದಿಸುವ ರೂಢಿ ಅವರದು.

"ಇವನ ನೀರಿನಾಗ ಬ್ಯಾಳಿ ಬೇಯಲ್ರೀ. ಇಪ್ಪತ್ ವರ್ಷ ಬೈದೀನಿ."

"ಬೈಕೋತನೇ ಕುಡ್ದೀಯಲ್ಲ ಅತ್ಗಿ."

"ಕುಡೀದೆ ಏನ್ ಮಾಡ್ಲಿ? ಇನ್ನ ಬೈಯಾಕೂ ನೀರಿರಲ್ಲ ನೋಡು."

ಹಳೆ ಗಣಿಯ ಮಣ್ಣುಗುಡ್ಡೆಯ ಮೇಲೆ ಸೋಲಾರ್ ಫಲಕ ಹಾಕಲು ಅಳತೆ ನಡೆದಿದೆ. ಅಳೆಯಲು ಬಂದವರು ಇನ್ನುಮುಂದೆ ಕಲ್ಲಿದ್ದಲು ಯಾರಿಗೂ ಬೇಡ ಅಂದರಂತೆ. ಅದೇ ರಸ್ತೆಯಲ್ಲಿ ಆಚೆ ಊರಿನ ಹೊಸ ಗಣಿಯ ಟಿಪ್ಪರುಗಳು ಕಲ್ಲಿದ್ದಲು ತುಂಬಿಕೊಂಡು ಹಗಲೆಲ್ಲ ಓಡುತ್ತವೆ. "ಬ್ಯಾಡಾದ್ದು ಇಷ್ಟ್ ಅವಸರದಾಗ ಎಲ್ಲಿಗ್ ಹೋಗ್ತದ?" ಎಂದು ಓದೇಲು ಧೂಳಿನತ್ತ ನೋಡುತ್ತಾರೆ. ಆ ಗಣಿಯಲ್ಲಿ ಟಿಪ್ಪರು ತೊಳೆಯುವ ಕೆಲಸಕ್ಕೆ ಇವರನ್ನು ಕರೆದಿದ್ದಾರೆ. ಹೋದರೆ ನಾಳೆ ಬೆಳಿಗ್ಗೆ ಗುಂಡಿ ಒತ್ತುವವರಿಲ್ಲ. ಹೋಗದಿದ್ದರೆ, ತಿಂಗಳ ಕೊನೆಗೆ ಒತ್ತಲು ಗುಂಡಿಯೇ ಇರುತ್ತದೋ ಇಲ್ಲವೋ.

"ಹೊಗಿ ಕಮ್ಮಿ ಆದ್ರ ಚಲೋನೇ. ನಮ್ಮಪ್ಪ ಒಳಗ ಕೆಲ್ಸ ಮಾಡಿ ಕೆಮ್ಮಿ ಕೆಮ್ಮಿ ಸತ್ತ. ಆದ್ರ ನಾ ಒಂದ್ ಬುಟ್ಟಿ ಕಲ್ಲಿದ್ಲು ತೆಗ್ದೋನಲ್ಲ, ನೀರು ತೆಗ್ದೋನು. ಕಲ್ಲಿದ್ಲು ಬ್ಯಾಡ ಅಂದೋರು ನೀರೂ ಬ್ಯಾಡ ಅಂದ್ರೇನು? ಇದನ್ನ ಯಾರನ್ನ ಕೇಳ್ಬೇಕು?"

ಸಮ್ಮಕ್ಕ ಗ್ಲಾಸು ತೊಳೆಯುತ್ತಾರೆ.

ಓದೇಲು ಕೇಳುವುದು ಇಷ್ಟೇ: "ನಿಲ್ಸೋದಾದ್ರ ನಿಲ್ಸಲಿ. ಒಂದಿನ ಮೊದ್ಲು ಹೇಳ್ಲಿ. ನನಗಲ್ಲ, ಕಾಲೊನಿಯೋರಿಗೆ. ಕೊಡ, ಹಂಡೆ ಎಲ್ಲಾ ತುಂಬಿಟ್ಕೋತಾರ. ಅವತ್ತು ನಾ ಮನೀಗೇ ಹೋಗಲ್ಲ, ಕೊನೀ ಮನೀ ಹಂಡೆ ತುಂಬೋತನ ನಡಸ್ತೀನಿ."

ಬೀದಿ ನಲ್ಲಿ ಎರಡು ಸಲ ಕೆಮ್ಮಿ ನೀರು ಬಿಡುತ್ತದೆ. ಸಮ್ಮಕ್ಕ ಉಳಿದ ಚಹಾ ಚೆಲ್ಲಿ, ದೊಡ್ಡ ಪಾತ್ರೆಯನ್ನು ತೊಳೆದು ಅದರ ಕೆಳಗಿಡುತ್ತಾರೆ. ಪಕ್ಕದಲ್ಲಿ ಮನೆಯ ಕೊಡಗಳೆಲ್ಲ ಆಗಲೇ ಸಾಲಾಗಿ ಕೂತಿವೆ.

"ಕಾಲೊನಿಯೋರಿಗೆ ಇನ್ನಾ ಯಾರೂ ಹೇಳಿಲ್ಲಲ್ಲ ಅತ್ಗಿ."

"ನಿನಗ ಹೇಳ್ಯಾರಲ್ಲಪ್ಪ, ಎರಡ್ ಸಲ."

ಓದೇಲು ಎದ್ದು ಹೋಗಿ ಮತ್ತೆ ಕೊಳವೆಯ ಮೇಲೆ ಅಂಗೈ ಇಡುತ್ತಾರೆ. "ತುಂಬ್ಕೋ," ಅನ್ನುತ್ತಾರೆ. "ಇವತ್ತಂತೂ ಅದ."